ತೊಟ್ಟಿಲ ಕಾಲಿಗೆ ನೀರಿನ ಬಟ್ಟಲು

ನಮ್ಮೂರಲ್ಲಿ ತೂಗುವ ತೊಟ್ಟಿಲಿಲ್ಲ. ನಾಲ್ಕು ಕಾಲಿನ ತೊಟ್ಟಿಲು, ಒಂದೊಂದು ಕಾಲಿಗೂ ಒಂದೊಂದು ನೀರಿನ ಬಟ್ಟಲು. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಬಟ್ಟಲನ್ನು ಎಡವಿ ನೀರು ಚೆಲ್ಲುತ್ತಾರೆ, ಎರಡನೆಯ ದಿನ ಇದೇಕೆಂದು ಕೇಳುತ್ತಾರೆ, ಮೂರನೆಯ ದಿನ ಮಗು ಅತ್ತಾಗ ಕಣ್ಣಾರೆ ನೋಡಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಕೆಲವರ ಕಣ್ಣೀರು ಸಿಹಿ. ಉಳಿದವರದು ಎಲ್ಲ ಊರಿನವರ ಹಾಗೆ ಉಪ್ಪು. ಸಿಹಿಗೆ ಇರುವೆ ಬರುತ್ತದೆ, ಅದಕ್ಕೇ ಬಟ್ಟಲು.

ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ, ಸಣ್ಣಪುಟ್ಟ ರಗಳೆಗಳಿವೆ. ಸಾವಿನ ಮನೆಯ ಹೊಸಿಲಿಗೆ ಮೊದಲು ಅರಿಶಿನದ ಗೆರೆ ಎಳೆದು ಆಮೇಲೆ ಅಳಲು ಕೂರಬೇಕು. ಹೆಣ್ಣು ಕಳಿಸಿಕೊಡುವಾಗ ಮದುಮಗಳ ಕೈಗೆ ಅರಿಶಿನದ ನೀರಿನಲ್ಲಿ ಅದ್ದಿದ ಕರವಸ್ತ್ರ ಕೊಡಬೇಕು, ಇಲ್ಲದಿದ್ದರೆ ದಿಬ್ಬಣಕ್ಕಿಂತ ಇರುವೆಸಾಲೇ ಉದ್ದವಾಗುತ್ತದೆ. ಈರುಳ್ಳಿ ಹೆಚ್ಚುವ ಕೆಲಸ ಉಪ್ಪಿನವರದು. ಎರಡೂ ಬಗೆಯವರಿರುವ ಮನೆಗಳಲ್ಲಿ ಈ ಒಂದು ವಿಷಯಕ್ಕೆ ಗಂಡಹೆಂಡಿರು ವಾರಗಟ್ಟಲೆ ಮಾತು ಬಿಟ್ಟಿದ್ದಾರೆ.

ನಾನು ನಾಲಿಗೆ ಮನೆಯ ಮುದ್ದಮ್ಮ. ಬಾಯಿ ಜೋರಿರುವುದಕ್ಕೆ ಆ ಹೆಸರು ಬಂತೆಂದುಕೊಳ್ಳಬೇಡಿ. ಬಾಯಿ ಜೋರಿರುವುದು ನಿಜ, ಹೆಸರು ಬಂದದ್ದು ಕೆಲಸದಿಂದ. ಮಗು ಹುಟ್ಟಿದ ಮೇಲೆ ಕಣ್ಣಲ್ಲಿ ನೀರು ಕೂಡಲು ಒಂದೆರಡು ತಿಂಗಳು ಬೇಕು. ಮೂರನೆಯ ತಿಂಗಳ ಹುಣ್ಣಿಮೆಯ ಬೆಳಿಗ್ಗೆ ಕಣ್ಣೀರ ಶಾಸ್ತ್ರ. ಮಗುವಿನ ಮುಖ ತೊಳೆದು, ತಾಯಿಯ ಮಡಿಲಲ್ಲಿ ಅಳಿಸಿ, ಒಂದು ಹನಿಯನ್ನು ಬೆರಳ ತುದಿಯಲ್ಲಿ ತೆಗೆದು ನಾನು ನಾಲಿಗೆಗೆ ಇಟ್ಟುಕೊಂಡು ಸಿಹಿಯೋ ಉಪ್ಪೋ ಹೇಳಬೇಕು. ಅದನ್ನು ಪುಸ್ತಕದಲ್ಲಿ ಬರೆಯಬೇಕು. ಅದಾದ ಮೇಲೆಯೇ ಹೆಸರಿಡುವುದು. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವಳು ನನ್ನಜ್ಜಿ ನಂಜವ್ವ. ಅರವತ್ತು ವರ್ಷ ಊರಿನ ಮಕ್ಕಳನ್ನೆಲ್ಲ ರುಚಿ ನೋಡಿ, ನಾಲ್ಕು ವರ್ಷದ ಕೆಳಗೆ ತೀರಿಕೊಂಡಳು.

ಊರಿಗೆ ಗೊತ್ತಿದ್ದ ಲೆಕ್ಕ ಸರಳ. ಅಪ್ಪ ಅಮ್ಮ ಇಬ್ಬರೂ ಸಿಹಿಯಾದರೆ ಮಕ್ಕಳೆಲ್ಲ ಸಿಹಿ. ಒಬ್ಬರು ಸಿಹಿ ಒಬ್ಬರು ಉಪ್ಪು ಆದರೆ ಯಾವುದಾದರೂ ಆಗಬಹುದು. ಇಬ್ಬರೂ ಉಪ್ಪಾದರೆ ಮಕ್ಕಳೆಲ್ಲ ಉಪ್ಪು. ಮೂರನೆಯ ಮಾತಿಗೆ ಒಂದು ಕಟ್ಟಳೆ ಅಂಟಿಕೊಂಡಿತ್ತು. ಉಪ್ಪಿನ ಅಪ್ಪ ಅಮ್ಮನಿಗೆ ಸಿಹಿಯ ಮಗು ಹುಟ್ಟಿದರೆ ಅದು ಆ ಗಂಡನ ಮಗುವಲ್ಲ; ಶಾಸ್ತ್ರವಾದ ಒಂಬತ್ತನೆಯ ದಿನ ತಾಯಿ ಮಗು ಇಬ್ಬರನ್ನೂ ತವರಿಗೆ ಕಳಿಸಬೇಕು. ನಮ್ಮಜ್ಜಿಯ ಅಜ್ಜಿಯ ಕಾಲದಲ್ಲಿ ಒಬ್ಬಳನ್ನು ಹೀಗೆ ಕಳಿಸಿದ್ದರಂತೆ. ಅವಳು ತವರು ಮುಟ್ಟಲೇ ಇಲ್ಲವಂತೆ. ಅದರ ಈಚೆಗೆ ಒಂದು ಸಲವೂ ಹಾಗೆ ಆಗಿಲ್ಲವೆಂದು ನಮ್ಮ ಮನೆಯ ಪುಸ್ತಕ ಹೇಳುತ್ತಿತ್ತು. ಪುಸ್ತಕದಲ್ಲಿ ಇಲ್ಲವೆಂದ ಮೇಲೆ ಲೋಕದಲ್ಲೇ ಇಲ್ಲ ಎಂದು ಊರು ನಂಬಿತ್ತು. ನಾನೂ ನಂಬಿದ್ದೆ.

ಮಂಡಕ್ಕಿ ಭಟ್ಟಿಯ ಮನೆಯ ಮಗುವಿಗೆ ಶಾಸ್ತ್ರ ಮಾಡಲು ಹೋದ ದಿನ ಬೆಳಿಗ್ಗೆ ನಾನು ಖುಷಿಯಲ್ಲೇ ಇದ್ದೆ. ಆ ಮನೆಯ ಸೊಸೆ ಶಿವಗಂಗೆ ನನಗೆ ಇಷ್ಟದ ಹುಡುಗಿ. ಅವಳ ಗಂಡ ಬೋರೇಶ, ಮಾತು ಕಡಿಮೆ, ಕೆಲಸ ಜಾಸ್ತಿ. ಇಬ್ಬರೂ ಉಪ್ಪು. ಮನೆಯ ಯಜಮಾನಿ ಬೋರೇಶನ ತಾಯಿ ಕೆಂಪಾಜಮ್ಮ. ಅರವತ್ತು ದಾಟಿದ ಹೆಂಗಸು; ಗಂಡ ಸತ್ತ ದಿನವೂ ಒಂದು ಹನಿ ಕಣ್ಣೀರು ಹಾಕದೆ ಬಂದವರಿಗೆಲ್ಲ ನೀರು ಕೊಟ್ಟವಳು. ಅವಳದು ಕಲ್ಲೆದೆ ಎಂದು ಊರೆಲ್ಲ ಹೇಳುತ್ತಿತ್ತು. ಭಟ್ಟಿಯ ಮನೆಯಲ್ಲಿದ್ದೂ ನಲವತ್ತು ವರ್ಷದಲ್ಲಿ ಒಂದು ದಿನವೂ ಒಲೆಯ ಮುಂದೆ ಕೂತವಳಲ್ಲ. ಹೊಗೆ ತನಗಾಗದು ಎನ್ನುವಳು. ಅದು ಯಜಮಾನಿಕೆಯ ಜಂಬ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಮಗುವಿನ ಕೆನ್ನೆ ತುಸು ಹಳದಿಯಾಗಿತ್ತು. ಮುಖ ತೊಳೆದೆವು, ಮಗು ಅತ್ತಿತು, ನಾನು ಹನಿ ತೆಗೆದು ನಾಲಿಗೆಗೆ ಇಟ್ಟೆ. ಎಳೆಯ ಕಬ್ಬಿನ ರುಚಿ.

ಬಾಯಿ ಜೋರಿನವಳಿಗೆ ಬಾಯಿ ಕಟ್ಟಿಹೋಯಿತು. ಉಪ್ಪು ಎಂದು ಹೇಳಿಬಿಡಲೇ ಎಂದು ಯೋಚಿಸುತ್ತಿರುವಾಗಲೇ ಚಾಪೆಯ ಅಂಚಿನಿಂದ ಒಂದು ಕಪ್ಪು ಗೆರೆ ಹೊರಟಿತು. ಅದು ಶಿವಗಂಗೆಯ ಸೀರೆಯ ನೆರಿಗೆ ಹತ್ತಿ, ಮೊಣಕಾಲು ದಾಟಿ, ಮಗುವಿನ ಕೆನ್ನೆಗೆ ಬಂತು. ನೆರೆದವರೆಲ್ಲ ನೋಡಿದರು. ನಾನು ಬಾಯಿ ಬಿಡುವ ಪ್ರಮೇಯವೇ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅಷ್ಟರ ಮಟ್ಟಿಗೆ ಹಗುರವಾಯಿತು.

ಊರ ಯಜಮಾನ ಸಣ್ಣಹೈದಯ್ಯ ಗಂಟಲು ಸರಿಮಾಡಿಕೊಂಡ. "ಇಬ್ರೂ ಉಪ್ಪು ಅಂತ ಪುಸ್ತಕದಲ್ಲೇ ಐತೆ. ಇನ್ನು ನಾವು ಹೇಳೋದೇನೈತೆ? ಒಂಬತ್ತನೇ ದಿನಕ್ಕೆ ಗಾಡಿ ಕಟ್ಸಪ್ಪಾ ಬೋರೇಶ."

ಬೋರೇಶ ಗೋಡೆ ಹಿಡಿದು ಕೂತುಬಿಟ್ಟ. ಶಿವಗಂಗೆ ಮಗುವಿನ ಮುಖದ ಮೇಲಿನ ಇರುವೆಗಳನ್ನು ಒಂದೊಂದಾಗಿ ತೆಗೆಯುತ್ತ ಅತ್ತೆಯ ಕಡೆ ನೋಡಿದಳು. ಕೆಂಪಾಜಮ್ಮ ಸೆರಗು ಹೊದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಒಂದು ಮಾತಿಗೆ ಆ ಮನೆಯಲ್ಲಿ ಬೆಲೆಯಿತ್ತು. ಆ ಒಂದು ಮಾತು ಬರಲಿಲ್ಲ.

ಮಾರನೆಯ ದಿನ ಬಾವಿಕಟ್ಟೆಯ ಹತ್ತಿರ ಶಿವಗಂಗೆ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನಿಮ್ಮ ನಾಲಿಗೆ ಮೇಲೆ ಆಣೆ. ನಾನು ನನ್ನ ಗಂಡನ್ನ ಬಿಟ್ಟು ಬೇರೆ ಗಂಡಸಿನ ಮುಖ ನೋಡಿಲ್ಲ."

"ನಂಗೊತ್ತು ಕಣವ್ವ."

"ನಿಮಗೆ ಗೊತ್ತಾದ್ರೆ ಏನು ಬಂತು? ಪುಸ್ತಕಕ್ಕೆ ಗೊತ್ತಿಲ್ವಲ್ಲ." ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. "ಅತ್ತೆಗೆ ಹದಿನೈದು ದಿನದಿಂದ ಗೊತ್ತಿತ್ತು. ಮಗು ಮೊದಲ ಸಲ ಕಣ್ಣೀರು ಹಾಕಿದ ದಿನಾನೇ ಅರಿಶಿನದ ಬಟ್ಟೆ ತಂದುಕೊಟ್ರು. ಮುಖ ಒರೆಸ್ತಾನೇ ಇರು, ಯಾರಿಗೂ ಹೇಳ್ಬೇಡ ಅಂದ್ರು. ಆಗ ಕಾಪಾಡಿದೋರು ಈಗ್ಯಾಕೆ ಬಾಗಿಲು ಹಾಕ್ಕೊಂಡ್ರು?"

ಮನೆಗೆ ಬಂದರೆ ಅನ್ನ ಸೇರಲಿಲ್ಲ. ಮನಸ್ಸು ಕೆಟ್ಟಾಗ ಒಬ್ಬಳೇ ಕೂತು ಚೌಕಾಬಾರ ಆಡುವುದು ನನ್ನ ಹಳೆಯ ಚಾಳಿ. ಅಜ್ಜಿಯ ಮರದ ಪೆಟ್ಟಿಗೆ ತೆಗೆದು ಹುಣಸೆಬೀಜಗಳನ್ನು ನೆಲಕ್ಕೆ ಸುರಿದೆ. ತಳದಲ್ಲಿ ಹಾಸಿದ್ದ ಬಟ್ಟೆಯೂ ಅದರ ಜೊತೆಗೆ ಬಂತು, ಬಟ್ಟೆಯ ಕೆಳಗಿನಿಂದ ಒಂದು ಸಣ್ಣ ಪುಸ್ತಕ ಬಿತ್ತು. ಅಜ್ಜಿಯ ಕೈಬರಹ. ಪುಟಪುಟಕ್ಕೂ ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಮುಂದೆ ಒಂದೇ ಮಾತು: ಹೇಳಿದ್ದು ಉಪ್ಪು, ಇದ್ದದ್ದು ಸಿಹಿ.

ನಾನು ಎಣಿಸಿದೆ. ಇಪ್ಪತ್ತನಾಲ್ಕು ಮಕ್ಕಳು. ಎಲ್ಲರ ಅಪ್ಪ ಅಮ್ಮಂದಿರೂ ಉಪ್ಪು. ನನ್ನಜ್ಜಿ ಅರವತ್ತು ವರ್ಷ ಆ ತಾಯಂದಿರನ್ನು ಉಳಿಸಲು ಸುಳ್ಳು ಹೇಳಿದ್ದಳು. ಶಾಸ್ತ್ರಕ್ಕೆ ಮೊದಲೇ ಮನೆಗೆ ಹೋಗಿ ಗುಟ್ಟಾಗಿ ರುಚಿ ನೋಡಿ, ಶಾಸ್ತ್ರದ ದಿನ ಮುಖ ತೊಳೆಯುವ ನೀರಿಗೆ ತಾನೇ ಬೇವು ಅರಿಶಿನ ಬೆರೆಸುತ್ತಿದ್ದಳಂತೆ, ಅದನ್ನೂ ಬರೆದಿಟ್ಟಿದ್ದಳು. ಮಕ್ಕಳು ದೊಡ್ಡವರಾಗುತ್ತ ಯಾರೆದುರೂ ಅಳದಿರುವುದನ್ನು ಕಲಿತಿದ್ದರು. ಊರು ಅವರನ್ನು ಗಟ್ಟಿ ಮನುಷ್ಯರು ಎಂದು ಹೊಗಳುತ್ತಿತ್ತು. ಊರಿನ ಗಟ್ಟಿ ಮನುಷ್ಯರೆಲ್ಲ ಆ ಪುಸ್ತಕದಲ್ಲಿದ್ದರು.

ಮೂರನೆಯ ಪುಟದಲ್ಲಿ ಕೆಂಪಾಜಮ್ಮ ಇದ್ದಳು. ಹೊನ್ನಾಜಮ್ಮನ ಮಗಳು. ಹೇಳಿದ್ದು ಉಪ್ಪು, ಇದ್ದದ್ದು ಸಿಹಿ.

ಆಗ ಅವಳ ಸೆರಗಿನ ತುದಿ ಕಣ್ಣಿಗೆ ಕಟ್ಟಿತು. ಯಾವ ಸೀರೆ ಉಟ್ಟರೂ ತುದಿ ಯಾವಾಗಲೂ ಹಳದಿ. ಪೂಜೆಯ ಅರಿಶಿನ ಎಂದುಕೊಂಡಿದ್ದೆ. ಒಲೆಯ ಹೊಗೆ ಯಾಕೆ ಆಗದು ಎಂಬುದೂ ತಿಳಿಯಿತು. ನಲವತ್ತು ವರ್ಷ ನಾವು ಜಂಬ ಎಂದದ್ದು ಹೆದರಿಕೆಯಾಗಿತ್ತು.

ಇದೆಲ್ಲ ಸರಿ, ಇಷ್ಟು ಮಕ್ಕಳು ಸಿಹಿಯಾಗಿ ಹುಟ್ಟಿದ್ದು ಹೇಗೆ? ಇಪ್ಪತ್ತನಾಲ್ಕು ತಾಯಂದಿರೂ ತಪ್ಪು ಮಾಡಿದ್ದರೆಂದು ನಂಬಲು ನನ್ನಿಂದ ಆಗಲಿಲ್ಲ. ದೊಡ್ಡ ಪುಸ್ತಕವನ್ನೂ ಎಳೆದು ತಂದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಎರಡು ದಿನ ಕೂತೆ. ಒಂದು ವಿಷಯ ಮತ್ತೆ ಮತ್ತೆ ಸಿಕ್ಕಿತು. ಹಿಂದಿನ ತಲೆಮಾರುಗಳನ್ನು ಹುಡುಕಲು ಸಿಕ್ಕ ಕಡೆಯೆಲ್ಲ, ಗಂಡನ ಕಡೆ ಒಬ್ಬರು, ಹೆಂಡತಿಯ ಕಡೆ ಒಬ್ಬರು, ಎಲ್ಲೋ ಹಿಂದೆ ಸಿಹಿಯವರು ಇದ್ದೇ ಇದ್ದರು. ಒಂದೇ ಕಡೆ ಅಲ್ಲ, ಎರಡೂ ಕಡೆ. ಇನ್ನೊಂದು ವಿಷಯ. ಆ ಮನೆಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಸೇರಿ ಎಂಬತ್ತೆಂಟು. ಅದರಲ್ಲಿ ಸಿಹಿ ಇಪ್ಪತ್ತನಾಲ್ಕು, ಹೆಚ್ಚುಕಡಿಮೆ ನಾಲ್ಕರಲ್ಲೊಂದು. ಕದ್ದ ಬಸಿರಿನ ಮಕ್ಕಳು ಇಷ್ಟು ಅಚ್ಚುಕಟ್ಟಾಗಿ ಹುಟ್ಟುವುದುಂಟೇ?

ನೆಲದ ಮೇಲೆ ಹುಣಸೆಬೀಜ ಬಿದ್ದಿದ್ದವು. ಕೆಲವು ಕಂದು, ಕೆಲವು ಆಟಕ್ಕೆಂದು ಉಜ್ಜಿ ಬೆಳ್ಳಗೆ ಮಾಡಿದ್ದು. ಒಂದು ಕಂದು ಒಂದು ಬಿಳಿ ಬಲಗಡೆ ಇಟ್ಟೆ, ಇನ್ನೊಂದು ಜೋಡಿ ಎಡಗಡೆ ಇಟ್ಟೆ. ಕಣ್ಣು ಮುಚ್ಚಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಎತ್ತಿದೆ. ಮತ್ತೆ ಇಟ್ಟು ಮತ್ತೆ ಎತ್ತಿದೆ. ಸಂಜೆಯವರೆಗೆ ಎತ್ತಿದೆ. ಹೆಚ್ಚುಕಡಿಮೆ ನಾಲ್ಕು ಸಲಕ್ಕೊಮ್ಮೆ ಎರಡೂ ಬಿಳಿ ಬಂದವು. ಆಮೇಲೆ ಎದ್ದು ಮುಖ ತೊಳೆದುಕೊಂಡೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಜ್ಜಿಯ ಮೇಲೆ ಸಿಟ್ಟೂ ಬಂತು, ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಅವಳು ಉಳಿಸಿದ ಒಬ್ಬೊಬ್ಬ ತಾಯಿಯ ಸಾಕ್ಷಿಯೂ ದೊಡ್ಡ ಪುಸ್ತಕದಿಂದ ಮಾಯವಾಗಿತ್ತು. ಹಾಗಾಗಿಯೇ ಕಟ್ಟಳೆ ಇಷ್ಟು ಗಟ್ಟಿಯಾಗಿ ನಿಂತಿತ್ತು.

ಏಳನೆಯ ದಿನ ಮಧ್ಯಾಹ್ನ ಭಟ್ಟಿಗೆ ಹೋದೆ. ಕೆಂಪಾಜಮ್ಮ ಒಲೆಯಿಂದ ದೂರದ ಮೂಲೆಯಲ್ಲಿ ಕೂತು ಮಂಡಕ್ಕಿಯಿಂದ ಮರಳು ಜರಡಿ ಹಿಡಿಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ನಾನು ಸಣ್ಣ ಪುಸ್ತಕ ತೆಗೆದು ಅವಳ ಹೆಸರಿದ್ದ ಪುಟ ತೋರಿಸಿದೆ. ಜರಡಿ ನಿಂತಿತು.

"ಯಾರಿಗೆ ತೋರ್ಸಿದ್ದೀಯ?"

"ಯಾರಿಗೂ ಇಲ್ಲ, ದೊಡ್ಡವ್ವ."

"ಸುಟ್ಟುಹಾಕು ಅದನ್ನ."

"ಸೊಸೆಗೆ ಅರಿಶಿನದ ಬಟ್ಟೆ ಕೊಟ್ಟೋರು ನೀವೇ ತಾನೆ? ಮತ್ತೆ ಅವತ್ತು ಯಾಕೆ ಎದ್ದು ಹೋದ್ರಿ?"

ಅವಳು ಜರಡಿಯನ್ನು ಪಕ್ಕಕ್ಕಿಟ್ಟಳು. "ನಾನೂ ಸಿಹಿ ಅಂದಿದ್ರೆ ಊರು ಏನಂತಿತ್ತು? ನಮ್ಮವ್ವನ್ನ ಗೋರಿಯಿಂದ ಎಬ್ಬಿಸಿ ಬೈಯ್ತಿತ್ತು. ನಮ್ಮಪ್ಪ ಉಪ್ಪು, ನಮ್ಮವ್ವ ಉಪ್ಪು, ನಾನು ಹಿಂಗೆ. ನಂಗೆ ಹನ್ನೆರಡು ವರ್ಷ ಆದಾಗ ಕೇಳ್ದೆ, ನಾನ್ಯಾರ ಮಗಳು ಅಂತ. ಅವ್ವ ಕರ್ಪೂರ ಮುಟ್ಟಿ ಹೇಳುದ್ಲು, ನಿಮ್ಮಪ್ಪನ ಮಗಳೇ ಕಣೆ, ನಾನೇನೂ ತಪ್ಪು ಮಾಡಿಲ್ಲ ಅಂತ. ನಾನು ನಂಬ್ಲಿಲ್ಲ." ಇದನ್ನು ಹೇಳುವಾಗಲೂ ಅವಳ ಕಣ್ಣು ಒಣಗಿಯೇ ಇತ್ತು. "ಅವತ್ತಿಂದ ಅವಳ ಕೈಯೂಟ ಬಿಟ್ಟೆ. ಸಾಯೋ ಮುಂಚೆ ಹೇಳಿಕಳ್ಸಿದ್ಲು, ಹೋಗ್ಲಿಲ್ಲ. ಈಗ ಶಿವಗಂಗೆ ಆ ಮಗೂನ ಹಿಡ್ಕಂಡು ಅದೇ ಮಾತು ಹೇಳ್ತವ್ಳೆ. ನಿಜ ಹೇಳ್ತಾವ್ಳೋ ಸುಳ್ಳು ಹೇಳ್ತಾವ್ಳೋ, ನನಗೆಂಗೆ ಗೊತ್ತಾಗ್ಬೇಕು?"

ನಾನು ಹುಣಸೆಬೀಜ ತೆಗೆದೆ. "ಒಂದು ಆಟ ಆಡಣ ಬನ್ನಿ."

"ನಿನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿತ್ತು, ಸರಿಹೋಯ್ತು. ಪ್ರತಿ ಮನುಷ್ಯನೂ ಹೊಟ್ಟೆಯಲ್ಲಿ ಹುಟ್ಟೋವಾಗಲೇ ಎರಡು ಬೀಜ ತಗೊಂಡು ಬರ್ತಾನೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕಂದು ಅಂದ್ರೆ ಉಪ್ಪು, ಬಿಳಿ ಅಂದ್ರೆ ಸಿಹಿ. ಎರಡರಲ್ಲಿ ಒಂದು ಕಂದು ಇದ್ರೆ ಸಾಕು, ಕಣ್ಣೀರು ಉಪ್ಪೇ. ಬಿಳಿ ಬೀಜ ಅದರ ಹಿಂದೆ ಅಡಗಿ ಕೂತಿರುತ್ತೆ. ಅಡಗಿರುತ್ತೆ ಅಷ್ಟೆ, ಕರಗಿ ಹೋಗಲ್ಲ. ಇವ್ರು ನಿಮ್ಮಪ್ಪ. ಒಂದು ಕಂದು, ಒಂದು ಬಿಳಿ. ಇವ್ರು ನಿಮ್ಮವ್ವ. ಅವರಿಗೂ ಒಂದು ಕಂದು, ಒಂದು ಬಿಳಿ. ಇಬ್ರೂ ಉಪ್ಪು ತಾನೆ?"

"ಹೂಂ."

"ಮಗುವಿಗೆ ಒಬ್ಬೊಬ್ರೂ ಒಂದೊಂದು ಬೀಜ ಕೊಡ್ಬೇಕು. ಯಾವುದು ಕೊಡ್ತೀವಿ ಅಂತ ಕೊಡೋರಿಗೇ ಗೊತ್ತಿರಲ್ಲ. ಕಣ್ಣು ಮುಚ್ಚಿ ಎತ್ತಿ."

ಅವಳು ಗೊಣಗುತ್ತಲೇ ಎತ್ತಿದಳು. ಎರಡೂ ಕಂದು. ಮತ್ತೆ ಎತ್ತಿದಳು. ಒಂದು ಕಂದು, ಒಂದು ಬಿಳಿ. ಮತ್ತೂ ಅದೇ. ಐದನೆಯ ಸಲ ಕೈ ತೆರೆದಾಗ ಅಂಗೈಯಲ್ಲಿ ಎರಡು ಬಿಳಿ ಬೀಜಗಳಿದ್ದವು.

"ಇದು ನೀವು," ಎಂದೆ.

ಕೆಂಪಾಜಮ್ಮ ಬೆರಳಿನಿಂದ ಎರಡನ್ನೂ ಹೊರಳಿಸಿ ನೋಡಿದಳು.

"ನಿಮ್ಮ ಹತ್ರ ಇರೋದು ಬರೀ ಬಿಳಿ, ದೊಡ್ಡವ್ವ. ಹಂಗಾಗಿ ಬೋರೇಶನಿಗೆ ನೀವು ಕೊಟ್ಟಿದ್ದು ಬಿಳಿಯೇ. ಅವರಪ್ಪ ಕೊಟ್ಟ ಕಂದು ಅದನ್ನ ಮುಚ್ಚಿತ್ತು. ಶಿವಗಂಗೆಯ ತಾಯಿಯ ತಾಯಿ ಸಿಹಿ ಅಂತ ದೊಡ್ಡ ಪುಸ್ತಕದಲ್ಲೇ ಐತೆ. ಆ ಬಿಳಿ ಎರಡು ತಲೆ ದಾಟಿ ಈ ಹುಡುಗಿಗೆ ಬಂದೈತೆ. ಇಬ್ಬರ ಬಿಳಿಯೂ ಸೇರಿ ತೊಟ್ಟಿಲಲ್ಲಿ ಮಲಗೈತೆ. ಯಾರೂ ತಪ್ಪು ಮಾಡಿಲ್ಲ. ನಿಮ್ಮ ಸೊಸೆಯೂ ಮಾಡಿಲ್ಲ, ನಿಮ್ಮವ್ವನೂ ಮಾಡಿಲ್ಲ."

ಅವಳು ಆ ಎರಡು ಬೀಜಗಳನ್ನು ಸೆರಗಿನ ಹಳದಿ ತುದಿಯಲ್ಲಿ ಕಟ್ಟಿಕೊಂಡು, "ನೀನಿನ್ನು ಹೊರಡು," ಎಂದಳು. ಉಳಿದವರ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಏನು ಮಾಡುತ್ತಾಳೆಂದು ನನಗೆ ತಿಳಿಯಲಿಲ್ಲ. ಅವಳು ಬಾಯಿ ಬಿಡದಿದ್ದರೆ ಪುಸ್ತಕ ಹಿಡಿದು ನಾನೇ ನಿಲ್ಲುವುದೆಂದು ತೀರ್ಮಾನ ಮಾಡಿದ್ದೆ.

ಒಂಬತ್ತನೆಯ ಬೆಳಿಗ್ಗೆ ಭಟ್ಟಿಯ ಅಂಗಳದಲ್ಲಿ ಗಾಡಿ ಬಂದು ನಿಂತಿತ್ತು. ಶಿವಗಂಗೆ ಮಗುವನ್ನು ಎದೆಗೆ ಒತ್ತಿಕೊಂಡು ತನ್ನ ಟ್ರಂಕಿನ ಮೇಲೆ ಕೂತಿದ್ದಳು. ಅರ್ಧ ಊರು ನೆರೆದಿತ್ತು. ಇಂಥದ್ದಕ್ಕೆ ಜನ ಸೇರಲು ಡಂಗುರ ಬೇಕಿಲ್ಲ. ಸಣ್ಣಹೈದಯ್ಯ ಎತ್ತಿನ ಕಡೆ ಕೈ ತೋರಿಸಿ "ಹತ್ತವ್ವ, ಹೊತ್ತಾಗುತ್ತೆ," ಎಂದ.

"ತಡೀರಿ," ಎಂದಳು ಕೆಂಪಾಜಮ್ಮ.

ಒಳಗಿನಿಂದ ಬಂದವಳು ಉರಿಯುತ್ತಿದ್ದ ಭಟ್ಟಿಯ ಬಾಯಿಯ ಎದುರಿಗೆ ಹೋಗಿ ಕೂತಳು. ನಲವತ್ತು ವರ್ಷದಲ್ಲಿ ಮೊದಲ ಸಲ. "ನಾನು ಸಿಹಿ ಕಣ್ರಪ್ಪ," ಎಂದಳು ಜೋರಾಗಿ. "ಅಪ್ಪ ಅಮ್ಮ ಇಬ್ರೂ ಉಪ್ಪು, ನಾನು ಸಿಹಿ. ನನ್ನ ಮೊಮ್ಮಗಳು ನನ್ನಂಗೇ ಅವಳೆ."

ಯಾರೂ ನಂಬಲಿಲ್ಲ. ಸೊಸೆಯನ್ನು ಉಳಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದು ಯಾರೋ ಹಿಂದಿನಿಂದ ನಕ್ಕರು. "ಹಂಗಾದ್ರೆ ಅತ್ತು ತೋರ್ಸವ್ವ," ಎಂದ ಸಣ್ಣಹೈದಯ್ಯ.

ಕೆಂಪಾಜಮ್ಮ ಅಳಲು ನೋಡಿದಳು. ಮುಖ ಹಿಂಡಿದಳು, ಕಣ್ಣು ಉಜ್ಜಿದಳು. ಒಂದು ಹನಿಯೂ ಬರಲಿಲ್ಲ. ಜೀವಮಾನವಿಡೀ ತಡೆದ ಕಣ್ಣೀರು ಕರೆದ ತಕ್ಷಣ ಎಲ್ಲಿಂದ ಬರಬೇಕು? ಅವಳಿಗೆ ತನ್ನ ಮೇಲೇ ರೇಗಿತು. ಮೂಲೆಯಲ್ಲಿದ್ದ ಒಣಮೆಣಸಿನಕಾಯಿಯ ಬುಟ್ಟಿಯನ್ನು ಎಳೆದು, ಇದ್ದದ್ದಷ್ಟನ್ನೂ ಬಾಣಲೆಯ ಕಾದ ಮರಳಿಗೆ ಸುರಿದುಬಿಟ್ಟಳು.

ಘಾಟು ಎದ್ದಿತು. ಮೊದಲು ಕೆಂಪಾಜಮ್ಮ ಕೆಮ್ಮಿದಳು, ಆಮೇಲೆ ಬೋರೇಶ, ಆಮೇಲೆ ಅಂಗಳಕ್ಕೆ ಅಂಗಳವೇ ಕೆಮ್ಮತೊಡಗಿತು. ಶಿವಗಂಗೆ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಗಾಳಿ ಬರುವ ಕಡೆ ಓಡಿದಳು. ಉಳಿದವರೆಲ್ಲ ಕಣ್ಣು ಮೂಗು ಸುರಿಸುತ್ತ, ಕೆಂಪಾಜಮ್ಮನಿಗೆ ಶಾಪ ಹಾಕುತ್ತ, ಸಿಕ್ಕ ಕಡೆ ಕೂತರು. ಎತ್ತುಗಳೂ ಸೀನಿದವು.

ಇರುವೆಗೆ ಅವಸರವಿಲ್ಲ. ಘಾಟು ಇಳಿದು ಬಹಳ ಹೊತ್ತಾದ ಮೇಲೆ ಗೋಡೆಯ ಬಿರುಕಿನಿಂದ ಒಂದು ಹೊರಟಿತು, ಅದರ ಹಿಂದೆ ಇನ್ನೊಂದು. ಸಾಲು ನೆಟ್ಟಗೆ ಹೋಗಿ ಕೆಂಪಾಜಮ್ಮನ ಮಡಿಲಿಗೆ ಹತ್ತಿತು. ಅವಳು ಒರೆಸಿಕೊಳ್ಳಲಿಲ್ಲ. ಜನ ಅದನ್ನೇ ನೋಡುತ್ತಿರುವಾಗ ಎರಡನೆಯ ಸಾಲು ಹೊರಟಿತು. ಅದು ಅಂಗಳದ ನಡುವೆ ತಿರುಗಿ, ಗಾಡಿಯ ಚಕ್ರ ಬಳಸಿ, ಯಜಮಾನ ಸಣ್ಣಹೈದಯ್ಯನ ಕಾಲಿನ ಮೇಲೆ ಹತ್ತಿತು. ಪಂಚೆ, ಅಂಗಿ, ಮೀಸೆ.

ನಾನು ನಗಲಿಲ್ಲ. ಅವನ ಹೆಸರು ಹನ್ನೊಂದನೆಯ ಪುಟದಲ್ಲಿ ಇದೆಯೆಂದು ನನಗೆ ಗೊತ್ತಿತ್ತು. ಅವನು ತನ್ನ ಮೀಸೆಯ ಮೇಲಿನ ಇರುವೆಯನ್ನು ಬೆರಳಿಗೆ ಹತ್ತಿಸಿಕೊಂಡು ನೋಡುತ್ತ ಕೂತ. "ನಮ್ಮವ್ವ," ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದ. ಅಷ್ಟರಲ್ಲಿ ಮೂರನೆಯ ಸಾಲು ಗಾಣದ ಮನೆಯ ಗಟ್ಟಿಗನ ಕಡೆಗೆ, ನಾಲ್ಕನೆಯದು ಸ್ಕೂಲಿನ ಮೇಷ್ಟರ ಕಡೆಗೆ ಹೊರಟಿತ್ತು. ಒಬ್ಬರನ್ನೊಬ್ಬರು ನೋಡಿಕೊಂಡ ಆ ಗಟ್ಟಿ ಮನುಷ್ಯರ ಮುಖವನ್ನು ನೀವು ನೋಡಬೇಕಿತ್ತು. ತಾನೊಬ್ಬನೇ ಎಂದು ಒಬ್ಬೊಬ್ಬರೂ ಐವತ್ತು ವರ್ಷ ನಂಬಿಕೊಂಡಿದ್ದರು.

ನಾನು ಅಂಗಳದ ನಡುವೆ ಕೂತು ಹುಣಸೆಬೀಜ ಹರವಿದೆ. ಹತ್ತಾರು ಸಲ ಹೇಳಬೇಕಾಯಿತು. ಅರ್ಥವಾಗದವರು ತಾವೇ ಕಣ್ಣು ಮುಚ್ಚಿ ಎತ್ತಿ ನೋಡಿದರು. ಎರಡು ಬಿಳಿ ಬಂದಾಗಲೆಲ್ಲ ಯಾರಾದರೊಬ್ಬರು ಗಟ್ಟಿಯಾಗಿ ಉಸಿರು ಬಿಡುತ್ತಿದ್ದರು. ಗಾಡಿಯವನು ಯಾರಿಗೂ ಹೇಳದೆ ಎತ್ತು ಬಿಚ್ಚಿ ಹುಲ್ಲು ಹಾಕಿದ.

ಬೋರೇಶ ಹೆಂಡತಿಯ ಮುಂದೆ ಹೋಗಿ ನಿಂತ. "ಗಂಗಾ, ನಾನು ಅವತ್ತೇ ಏನಾದ್ರೂ ಹೇಳ್ಬೇಕಿತ್ತು," ಎಂದ.

"ಹೇಳ್ಬೇಕಿತ್ತು," ಎಂದಳು ಅವಳು. "ಅದು ಆಮೇಲಿರ್ಲಿ. ಈಗ ಹೋಗಿ ತೊಟ್ಟಿಲ ಬಟ್ಟಲಿಗೆ ನೀರು ಹಾಕಿ." ಅವನು ಓಡಿದ.

ಮಧ್ಯಾಹ್ನ ಹೆಸರಿಡುವ ಶಾಸ್ತ್ರವಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅಜ್ಜಿ. ಕೆಂಪಾಜಮ್ಮ ಬಗ್ಗಿ ಮೂರು ಸಲ "ಹೊನ್ನಾಜಿ" ಎಂದಳು. ತನ್ನ ತಾಯಿಯ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ನನ್ನನ್ನು ಕರೆದು ದೊಡ್ಡ ಪುಸ್ತಕ ತರಿಸಿದಳು. ತನ್ನ ಹೆಸರಿನ ಮುಂದಿನ ಉಪ್ಪನ್ನು ಹೊಡೆಸಿ ಸಿಹಿ ಎಂದು ಬರೆಸಿದಳು. ಪುಟ ಹಿಂದಕ್ಕೆ ತಿರುವಿ ಹೊನ್ನಾಜಮ್ಮನ ಹೆಸರಿನ ಮೇಲೆ ಬೆರಳಿಟ್ಟಳು.

"ಇಲ್ಲೂ ಏನಾದ್ರೂ ಬರಿ ಕಣೆ."

ಅಲ್ಲಿ ಉಪ್ಪು ಎಂದಿತ್ತು, ಅದು ಸರಿಯೇ ಇತ್ತು. ಅದರ ಪಕ್ಕದಲ್ಲಿ ನಾನು ಬರೆದೆ: ಒಳಗೊಂದು ಸಿಹಿ. ಅಂದಿನಿಂದ ನಮ್ಮ ಮನೆಯ ಪುಸ್ತಕದಲ್ಲಿ ಈ ಮಾತಿಗೂ ಒಂದು ಜಾಗವಿದೆ.

ಕೆಂಪಾಜಮ್ಮ ಸೆರಗಿನ ಗಂಟು ಬಿಚ್ಚಿ ಆ ಎರಡು ಬಿಳಿ ಬೀಜಗಳನ್ನು ತೊಟ್ಟಿಲಲ್ಲಿ ಮಗುವಿನ ತಲೆಯ ಹತ್ತಿರ ಇಟ್ಟಳು. "ನಮ್ಮವ್ವ ಸುಳ್ಳು ಹೇಳಿರ್ಲಿಲ್ಲ," ಎಂದಳು. ಆಗ ಅವಳಿಗೆ ಅಳು ಬಂತು, ಮೆಣಸಿನಕಾಯಿಯಿಲ್ಲದೆ. ಗಂಡನಿಗೆ ಅಳದೆ ಬಿಟ್ಟದ್ದು, ತಾಯಿಗೆ ಅಳದೆ ಬಿಟ್ಟದ್ದು, ಎಲ್ಲ ಸೇರಿ ಬಂತು. ಸಂಜೆಯವರೆಗೂ ಅತ್ತಳು. ನಡುನಡುವೆ ನಗುತ್ತಲೂ ಇದ್ದಳು. ಬೋರೇಶ ಅರಿಶಿನದ ಡಬ್ಬಿ ಹಿಡಿದು ಬಂದಾಗ ಶಿವಗಂಗೆ ಅದನ್ನು ಅವನ ಕೈಯಿಂದ ತೆಗೆದು ಗೂಡಿನಲ್ಲಿಟ್ಟಳು. ಇರುವೆಗಳು ಬಂದವು. ಅವತ್ತು ನಾವು ಯಾರೂ ಅವನ್ನು ಓಡಿಸಲಿಲ್ಲ.